ಡಿಟಿಪಿ ಅಂಗಡಿಯ ಹಳೆಯ ಸಿಸ್ಟಮ್: ಬದಲಿಸುವುದು ಯಾವಾಗ?

ಲಗ್ನದ ಸೀಸನ್ನಿನಲ್ಲಿ ಡಿಟಿಪಿ ಅಂಗಡಿಯ ಕಂಪ್ಯೂಟರ್ ನಿಂತುಹೋದರೆ ಆಗುವ ಸಂಕಟ ಅಂಗಡಿ ನಡೆಸುವವರಿಗೇ ಗೊತ್ತು. ಸಂಜೆಯೊಳಗೆ ಪ್ರೂಫ್ ಕೊಡುತ್ತೇನೆಂದು ಒಪ್ಪಿಕೊಂಡ ನಾಲ್ಕು ಲಗ್ನಪತ್ರಿಕೆ ಅದರೊಳಗೇ ಇವೆ, ಹುಡುಗಿಯ ತಂದೆ ಬೆಂಚಿನ ಮೇಲೆ ಕಾದು ಕೂತಿದ್ದಾರೆ, ಸರ್ವೀಸ್ ಹುಡುಗ ಫೋನ್ ಎತ್ತುತ್ತಿಲ್ಲ. ಆ ಹೊತ್ತಿನಲ್ಲಿ ಹೊಸದು ಕೊಳ್ಳಲು ಹೋದರೆ ಮಾರುವವನು ತೋರಿಸಿದ್ದೇ ಮಾಡೆಲ್ಲು, ಹೇಳಿದ್ದೇ ಬೆಲೆ. ಬದಲಿಸಬೇಕೇ ಬೇಡವೇ ಎಂಬುದನ್ನು ಸಿಸ್ಟಮ್ ಇನ್ನೂ ನಡೆಯುತ್ತಿರುವಾಗಲೇ ಯೋಚಿಸಬೇಕು. ಅದಕ್ಕೆ ಆಷಾಢ ಸರಿಯಾದ ತಿಂಗಳು. ಮದುವೆಗಳಿಲ್ಲ, ಅಂಗಡಿಯಲ್ಲಿ ಗದ್ದಲವಿಲ್ಲ, ಹೊಸ ಯಂತ್ರ ಕೈಗೆ ಒಗ್ಗಲು ನಾಲ್ಕು ವಾರ ಸಿಗುತ್ತದೆ.

‘ಐದು ವರ್ಷ ಆಯಿತು, ತೆಗೆದುಹಾಕಿ’ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಾವು ಸಿಪಿಯು ಎಂದು ಕರೆಯುವ ಆ ಡಬ್ಬಿಯೊಳಗೆ ಇರುವ ಒಂದೊಂದು ಭಾಗಕ್ಕೂ ಒಂದೊಂದು ಆಯುಷ್ಯ. ದಿನಾ ಬೆಳಿಗ್ಗೆ ತಾರೀಕು ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕಿನ ವೆಬ್‌ಸೈಟು ‘ಸುರಕ್ಷಿತವಲ್ಲ’ ಎಂದು ತೆರೆಯಲು ಒಪ್ಪುವುದಿಲ್ಲ ಎಂದರೆ, ಬಹುಪಾಲು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿರುತ್ತದೆ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಸೆಲ್ ಅದು. ಅಷ್ಟಕ್ಕೇ ‘ಬೋರ್ಡ್ ಹೋಗಿದೆ’ ಎಂದು ಇಡೀ ಯಂತ್ರವನ್ನು ಬದಲಿಸಿಕೊಂಡವರನ್ನು ಕಂಡು ಹೊಟ್ಟೆ ಉರಿದಿದೆ.

ನಿಧಾನವಾಗಿದೆ ಎಂಬ ದೂರಿಗೂ ಮೊದಲು ಕಾರಣ ಹುಡುಕಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಎಂದಿನ ಕೆಲಸ ಮಾಡುತ್ತಲೇ ಅದನ್ನು ಗಮನಿಸಿ. ಡಿಸ್ಕ್ 100%ಗೆ ಅಂಟಿಕೊಂಡು ಪ್ರೊಸೆಸರ್ ಆರಾಮವಾಗಿದ್ದರೆ ತೊಂದರೆ ಹಾರ್ಡ್ ಡಿಸ್ಕಿನದು. ಮೆಮೊರಿ 90% ದಾಟಿದ್ದರೆ ರ್‍ಯಾಮ್ ಸಾಲದು. ಇವೆರಡೂ ಸರಿಯಿದ್ದು ಪ್ರೊಸೆಸರ್ ಒಂದೇ ಏದುಸಿರು ಬಿಡುತ್ತಿದ್ದರೆ, ಫ್ಯಾನಿನ ಧೂಳು ತೆಗೆಸಿ ನೋಡಿ; ಆಮೇಲೂ ಹಾಗೆಯೇ ಇದ್ದರೆ ಯಂತ್ರಕ್ಕೆ ನಿಜಕ್ಕೂ ವಯಸ್ಸಾಗಿದೆ.

ಹೆಚ್ಚಿನ ಹಳೆಯ ಸಿಸ್ಟಮ್‌ಗಳಲ್ಲಿ ಸಿಕ್ಕಿಬೀಳುವುದು ಡಿಸ್ಕೇ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಒಂದು ಸೂಜಿ ಓಡಾಡಬೇಕು. ಚದುರಿಬಿದ್ದ ಚಿಕ್ಕ ಚಿಕ್ಕ ಫೈಲುಗಳನ್ನು ಅದು ಸೆಕೆಂಡಿಗೆ ಸುಮಾರು ನೂರು ಸಲ ಹುಡುಕಿ ಕೊಡಬಲ್ಲದು. ವಿಂಡೋಸ್ ಏಳುವಾಗ ಬೇಕಾಗುವುದು ಅಂಥ ಸಾವಿರಾರು ಫೈಲುಗಳು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಹುಡುಕುತ್ತದೆ. ನಾಲ್ಕು ನಿಮಿಷಕ್ಕೆ ಏಳುತ್ತಿದ್ದ ಸಿಸ್ಟಮ್ ಅರ್ಧ ನಿಮಿಷಕ್ಕೆ ಏಳುವುದು ಅದರಿಂದಲೇ.

ಆದರೆ ಎಸ್‌ಎಸ್‌ಡಿಗೆ ದುಡ್ಡು ಹಾಕುವ ಮೊದಲು ಪ್ರೊಸೆಸರಿನ ತಲೆಮಾರು ನೋಡಿ. ಇಂಟೆಲ್ ಐ5-4570 ಎಂದಿದ್ದರೆ ನಾಲ್ಕನೆಯ ತಲೆಮಾರು, ಐ5-8400 ಎಂದಿದ್ದರೆ ಎಂಟನೆಯದು, ಐ5-10400 ಎಂದಿದ್ದರೆ ಹತ್ತನೆಯದು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಎಂಟನೆಯ ತಲೆಮಾರು ಅಥವಾ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ವ್ಯಾಪಾರ ಸಂಸ್ಥೆಗಳು ದುಡ್ಡು ಕೊಟ್ಟು ಮೂರು ವರ್ಷದವರೆಗೆ ಮುಂದುವರಿಸಬಹುದು: ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷವೂ ದುಪ್ಪಟ್ಟು. ಹತ್ತು ವರ್ಷದ ಯಂತ್ರಕ್ಕೆ ಆ ಖರ್ಚು ದಂಡ. ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ, ಊರವರ ಆಧಾರ್ ಪ್ರತಿ ತುಂಬಿಕೊಂಡಿರುವ ಸಿಸ್ಟಮ್ ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್ಟಿನಲ್ಲಿರುವುದು ತಪ್ಪು. ಎಂಟನೆಯ ತಲೆಮಾರಿನ ಯಂತ್ರವಾದರೆ ಎಸ್‌ಎಸ್‌ಡಿ, ರ್‍ಯಾಮ್ ಹಾಕಿಸಿ ಇನ್ನೂ ಕೆಲವು ವರ್ಷ ದುಡಿಸಿ. ನಾಲ್ಕನೆಯದಾದರೆ ಅದೇ ದುಡ್ಡನ್ನು ಹೊಸದಕ್ಕೆ ಎತ್ತಿಡಿ.

ಕನ್ನಡ ಡಿಟಿಪಿಯವರಿಗೆ ಇಲ್ಲೊಂದು ಬೇರೆಯದೇ ಗಂಟು ಇದೆ. 2001ರಲ್ಲಿ ಬಂದ ಪೇಜ್‌ಮೇಕರ್ 7ರಲ್ಲಿ ಮಾಡಿಟ್ಟ ಫೈಲುಗಳು, ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳು, ಹಳೆಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್. ಎಷ್ಟೋ ಅಂಗಡಿಗಳಲ್ಲಿ ಎಕ್ಸ್‌ಪಿ ಕಾಲದ ಸಿಸ್ಟಮ್ ಇವತ್ತಿಗೂ ಮೂಲೆಯಲ್ಲಿ ಉಸಿರಾಡುತ್ತಿರುವುದು ಜಿಪುಣತನದಿಂದಲ್ಲ, ಇವುಗಳಿಗಾಗಿ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಪೋರ್ಟೇ ಇರುವುದಿಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಮುಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ಎನ್‌ಕೋಡಿಂಗಿನ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ಸ್ಥಳ ತಪ್ಪಿದೆಯೇ, ಒತ್ತಕ್ಷರ ಬದಲಾಗಿದೆಯೇ ಎಂದು ಕಣ್ಣಿಟ್ಟು ಓದಲೇಬೇಕು. ಅದಕ್ಕೆ ಹಳೆಯದನ್ನು ಒಂದೇ ದಿನದಲ್ಲಿ ಎತ್ತಿಬಿಡಬೇಡಿ. ನೆಟ್ ಕೇಬಲ್ ಕಿತ್ತು ಹಳೆಯ ಫೈಲುಗಳಿಗೆ ಮಾತ್ರ ಇಟ್ಟುಕೊಳ್ಳಿ; ಅದರಲ್ಲಿರುವುದಷ್ಟನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ; ಪದೇಪದೇ ಬೇಕಾಗುವ ಮಾದರಿಗಳನ್ನು ಬಿಡುವಾದಾಗ ಒಂದೊಂದಾಗಿ ಹೊಸದರಲ್ಲಿ ಕಟ್ಟಿಕೊಳ್ಳಿ. ನಮ್ಮ ಎಷ್ಟೋ ಸಣ್ಣ ಪತ್ರಿಕೆಗಳ, ಊರ ಜಾತ್ರೆಯ ಸಂಚಿಕೆಗಳ ಮೂಲ ಪುಟಗಳು ಇಂಥ ಡಿಸ್ಕುಗಳಲ್ಲಿ ಮಾತ್ರ ಉಳಿದಿವೆ.

ಖರ್ಚಿನ ಲೆಕ್ಕ ಕಷ್ಟದ್ದಲ್ಲ. ತಿಂಗಳಿಗೆ 16,000 ಸಂಬಳ, 25 ದಿನ, ದಿನಕ್ಕೆ ಎಂಟು ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ 80 ರೂಪಾಯಿ. ಹ್ಯಾಂಗ್ ಆಗಿ ದಿನಕ್ಕೆ ಅರ್ಧ ಗಂಟೆ ಹೋದರೆ ವರ್ಷದ 300 ದಿನಕ್ಕೆ 150 ಗಂಟೆ, ಅಂದರೆ 12,000 ರೂಪಾಯಿ. ಈ ಮೊತ್ತವನ್ನು ಪೂರ್ತಿ ನಂಬಬೇಡಿ. ಗಿರಾಕಿಯೇ ಇಲ್ಲದ ದಿನ ಹೋದ ಅರ್ಧ ಗಂಟೆಗೆ ಬೆಲೆಯಿಲ್ಲ. ಅರ್ಜಿ ಹಾಕಲು ಕೊನೆಯ ದಿನ ಸಾಲು ನಿಂತಾಗ ಹೋದ ಅರ್ಧ ಗಂಟೆಗೆ ಎದುರಿನ ಅಂಗಡಿಗೆ ನಡೆದುಹೋದ ಹತ್ತು ಗಿರಾಕಿಗಳ ಬೆಲೆ. ಒಂದು ಪುಸ್ತಕದಲ್ಲಿ ಮೂರು ತಿಂಗಳು ಬರೆದಿಡಿ: ಎಂದು ನಿಂತಿತು, ಎಷ್ಟು ಹೊತ್ತು, ಯಾವ ಕೆಲಸ ತಪ್ಪಿತು, ರಿಪೇರಿಗೆ ಎಷ್ಟು ಕೊಟ್ಟಿರಿ. ಒಂದು ವರ್ಷದ ರಿಪೇರಿ ಹೊಸದರ ಬೆಲೆಯ ಮೂರನೆಯ ಒಂದು ಭಾಗ ಮುಟ್ಟಿದರೆ ನಾನಾದರೆ ಮತ್ತೆ ರಿಪೇರಿಗೆ ಕೊಡುವುದಿಲ್ಲ.

ಕೊಳ್ಳುವ ದಿನಕ್ಕೂ ತೆರಿಗೆಗೂ ನಂಟಿದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40% ಸವಕಳಿ. ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ ಮಾತ್ರ. ಅಂದರೆ ಅಕ್ಟೋಬರಿನ ಮೊದಲ ಎರಡು ಮೂರು ದಿನದೊಳಗೆ ಕೆಲಸಕ್ಕೆ ಹಚ್ಚಿರಬೇಕು. ಆಯುಧಪೂಜೆಗೆ ಹೊಸ ಯಂತ್ರ ತರುವ ಆಸೆ ನಮಗೆಲ್ಲ ಇದೆ, ಆದರೆ ಹಬ್ಬ ಅಕ್ಟೋಬರಿನ ನಡುವೆ ಬಂದ ವರ್ಷ ಅರ್ಧ ಸವಕಳಿ ಮುಂದಕ್ಕೆ ಹೋಗುತ್ತದೆ. ಆಷಾಢದಲ್ಲೇ ತಂದು ದುಡಿಸಿ, ಪೂಜೆಯನ್ನು ಹಬ್ಬಕ್ಕೆ ಮಾಡಬಹುದು. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವವರಿಗೆ ಈ ಸವಕಳಿ ಬೇರೆಯಾಗಿ ಸಿಗುವುದಿಲ್ಲ. ಬಿಲ್ಲಿನ 18% ಜಿಎಸ್‌ಟಿಯೂ ಸಾಮಾನ್ಯ ನೋಂದಣಿಯವರಿಗೆ ಕ್ರೆಡಿಟ್ ಆಗಿ ಬರುತ್ತದೆ, ಕಂಪೋಸಿಷನ್ನಿನವರಿಗೆ ಬರುವುದಿಲ್ಲ.

ಕೊನೆಗೆ ಹಳೆಯದನ್ನು ಗುಜರಿಗೆ ಎತ್ತಿಕೊಡುವ ದಿನ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಮಾತ್ರ ಹೋಗುತ್ತದೆ, ಫೈಲುಗಳು ಡಿಸ್ಕಿನಲ್ಲೇ ಇರುತ್ತವೆ. ಪೂರ್ತಿ ಡಿಸ್ಕಿನ ಮೇಲೆ ಹೊಸದಾಗಿ ಬರೆಸಿ ಅಳಿಸಬೇಕು. ಅದು ಆಗದಿದ್ದರೆ ಡಿಸ್ಕ್ ಬಿಚ್ಚಿ ಅಂಗಡಿಯಲ್ಲೇ ಇಟ್ಟುಕೊಂಡು, ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಮರುಬಳಕೆಯವರಿಗೆ ಕೊಡಿ. ಆ ಡಿಸ್ಕಿನಲ್ಲಿರುವುದು ನಿಮ್ಮ ಲೆಕ್ಕಪತ್ರ ಮಾತ್ರವಲ್ಲ. ನಂಬಿ ಕೊಟ್ಟುಹೋದ ಗಿರಾಕಿಗಳ ಆಧಾರ್, ಪಹಣಿ, ಮಕ್ಕಳ ಅಂಕಪಟ್ಟಿ.