ಟೆರೇಸ್‌ನಲ್ಲಿ ಮೀನು, ಸೊಪ್ಪು ಒಟ್ಟಿಗೆ: ವೈರಲ್ ವಿಡಿಯೋ ಹೇಳದೆ ಬಿಟ್ಟ ಆರು ವಾರ

ಟೆರೇಸ್ ಮೇಲೆ ಒಂದು ಟ್ಯಾಂಕ್, ಅದರಲ್ಲಿ ಮೀನು. ಮೇಲೊಂದು ತೊಟ್ಟಿ, ಅದರಲ್ಲಿ ಹಚ್ಚಗೆ ಪಾಲಕ್. ಮಣ್ಣು ಬೇಡ, ಗೊಬ್ಬರ ಬೇಡ, ತಿಂಗಳಿಗೆ ಲಕ್ಷ ಸಂಪಾದನೆ! ಇಂಥದೊಂದು ವಿಡಿಯೋ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಈ ಪದ್ಧತಿಯ ಹೆಸರು ಅಕ್ವಾಪೋನಿಕ್ಸ್. ಇದು ಸುಳ್ಳೇನಲ್ಲ. ಆದರೆ ವಿಡಿಯೋದಲ್ಲಿ ಹೇಳದೆ ಬಿಟ್ಟ ವಿಷಯವೇ ಮೀನುಗಳನ್ನು ಕೊಲ್ಲುತ್ತದೆ.

ನಾವೂ ಮೊದಲ ಸಲ ಹಾಗೇ ಮಾಡಿದ್ದೆವು. 200 ಲೀಟರ್ ಡ್ರಮ್ಮಿಗೆ ನೀರು ತುಂಬಿಸಿ, ಎರಡನೇ ದಿನವೇ 20 ರೋಹು ಮರಿ ಬಿಟ್ಟು, ಖುಷಿಯಿಂದ ಕೈತುಂಬ ಆಹಾರ ಹಾಕಿದೆವು. ಐದನೇ ದಿನ ಬೆಳಗ್ಗೆ 14 ಮರಿಗಳು ತೇಲುತ್ತಿದ್ದವು. ನೀರು ಮಾತ್ರ ತಿಳಿಯಾಗಿಯೇ ಇತ್ತು!

ಆಗಿದ್ದಿಷ್ಟು. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ಅಮೋನಿಯಾ ಹೊರಬರುತ್ತದೆ. ಅದು ಮೀನಿಗೇ ವಿಷ, ಕಣ್ಣಿಗೆ ಕಾಣುವುದಿಲ್ಲ. ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಗೊಬ್ಬರವಾಗುವುದು ಈ ನೈಟ್ರೇಟ್, ಮೀನಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಅಂದರೆ ಇಲ್ಲಿ ಮೀನು ಮತ್ತು ಗಿಡದ ಜೊತೆ ಮೂರನೆಯದೊಂದನ್ನೂ ಸಾಕಬೇಕು. ಈ ಬ್ಯಾಕ್ಟೀರಿಯಾಗಳು ತೊಟ್ಟಿಯ ಜಲ್ಲಿಗೆ ಅಂಟಿಕೊಂಡು ಬೆಳೆಯುತ್ತವೆ, ಅದೂ ನಿಧಾನವಾಗಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಹಾಗಾಗಿ ಆ ಆರು ವಾರ ಟ್ಯಾಂಕಿನಲ್ಲಿ ಮೀನು ಇರಬಾರದು. ಪಂಪ್ ಓಡಿಸುತ್ತಾ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಗೆ ಊಟ ಸಿಗುತ್ತದೆ. ಮನೆಯಲ್ಲಿ ಮೀನು ಸಾಕಿರುವ ಗೆಳೆಯರಿದ್ದರೆ ಅವರ ಫಿಲ್ಟರಿನಿಂದ ಒಂದು ಹಿಡಿ ಜಲ್ಲಿ ತಂದು ಹಾಕಿ, ಹೆಪ್ಪು ಹಾಕಿದಂತೆ ಕೆಲಸ ಬೇಗ ಆಗುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿದ ಮೇಲೆ ಮೀನು ಬಿಡಿ, ಮೊದಲು ನಾಲ್ಕೈದು ಮಾತ್ರ.

ಜಲ್ಲಿ ತರುವಾಗ ಒಂದು ಪರೀಕ್ಷೆ. ಕಲ್ಲಿನ ಮೇಲೆ ವಿನೆಗರ್ ಹನಿಸಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬೇಡ. ಸುಣ್ಣ ಕರಗಿ ನೀರಿನ ಪಿಎಚ್ ಏರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಗಡಸು ಬೋರ್‌ವೆಲ್ ನೀರಿನಲ್ಲೂ ಇದೇ ಕಷ್ಟ, ಮಳೆನೀರು ಬೆರೆಸಿಕೊಂಡರೆ ಒಳ್ಳೆಯದು.

"ಗೊಬ್ಬರ ಬೇಡ" ಎನ್ನುವುದು ಅರ್ಧ ಸತ್ಯ. ದುಡ್ಡು ಕೊಟ್ಟು ತರುವ ಮೀನಿನ ಆಹಾರವೇ ಇಲ್ಲಿ ಗೊಬ್ಬರ. ಜೊತೆಗೆ ಕಬ್ಬಿಣದ ಅಂಶ ಸಾಮಾನ್ಯವಾಗಿ ಸಾಲುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದನ್ನು ಬೇರೆಯಾಗಿ ಕೊಡಬೇಕು.

ಇನ್ನು ಆ ಲಕ್ಷದ ಮಾತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಪ್ರಮಾಣದ ಅಕ್ವಾಪೋನಿಕ್ಸ್ ಬಗ್ಗೆ 2014ರಲ್ಲೇ ಕೈಪಿಡಿ ಪ್ರಕಟಿಸಿದೆ. ಅದರ ಲೆಕ್ಕದಲ್ಲಿ 1,000 ಲೀಟರ್ ನೀರಿಗೆ 10ರಿಂದ 20 ಕೆಜಿ ಮೀನು. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ. ಕೆಜಿಗೆ 200 ರೂಪಾಯಿ ಎಂದುಕೊಂಡರೂ 20 ಕೆಜಿಗೆ 4,000 ರೂಪಾಯಿ, ಅದೂ ತಿಂಗಳುಗಟ್ಟಲೆ ಸಾಕಿದ ಮೇಲೆ. ಆಹಾರ, ಕರೆಂಟ್ ಖರ್ಚು ಕಳೆದರೆ ಉಳಿಯುವುದೆಷ್ಟು, ನೀವೇ ಹೇಳಿ. ಮನೆಗೆ ಬೇಕಾದ ಸೊಪ್ಪು, ಪುದೀನ, ಆಗಾಗ ಮೀನು ಸಾರು ಎಂದುಕೊಂಡರೆ ಮೋಸವಿಲ್ಲ. ಅದೇ ನೀರು ಸುತ್ತುತ್ತಿರುವುದರಿಂದ ಮಣ್ಣಿನ ಕೈತೋಟಕ್ಕಿಂತ ನೀರಿನ ಖರ್ಚಂತೂ ಬಹಳ ಕಡಿಮೆ.

ಟ್ಯಾಂಕ್ ಇಡುವ ಮುನ್ನ ಸೂರಿನ ಬಗ್ಗೆಯೂ ಯೋಚಿಸಿ. 1,000 ಲೀಟರ್ ನೀರೆಂದರೆ ಒಂದು ಟನ್ ಭಾರ, ಜಲ್ಲಿಯ ತೂಕ ಬೇರೆ. ಹಳೆಯ ಮನೆಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಕರೆಂಟ್ ಹೋದರೆ ಮೀನು ತುಂಬಿದ ಟ್ಯಾಂಕಿನಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿಯಬಹುದು, ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಗಿಡಕ್ಕೆ ಹುಳ ಬಿದ್ದರೆ ಔಷಧಿ ಹೊಡೆಯುವಂತಿಲ್ಲ, ಬೇವಿನ ಎಣ್ಣೆ ಕೂಡ ನೀರಿಗೆ ಇಳಿದರೆ ಮೀನಿಗೆ ಅಪಾಯ. ಕೈಯಿಂದಲೇ ಆರಿಸಬೇಕು.

ಕೊನೆಯದಾಗಿ, ವಿದೇಶದ ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವ ಮೀನು ತಿಲಾಪಿಯಾ. ನಮ್ಮಲ್ಲಿ ಅದನ್ನು ಸಾಕಲು ಸರ್ಕಾರದ ನಿಯಮಗಳಿವೆ, ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗಂತೂ ನಿಷೇಧವೇ ಇದೆ. ಮರಿ ಕೊಳ್ಳುವ ಮುನ್ನ ಹತ್ತಿರದ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಹೇಗೂ ಆರು ವಾರ ಟ್ಯಾಂಕ್ ಖಾಲಿಯೇ ಓಡುತ್ತಿರುತ್ತದಲ್ಲ!