ಹ್ಯಾಸ್ಕೆಲ್ ಕಂಪನಿಯೊಳಗೆ ಕಾಲಿಡೋದು ಹೇಗೆ?

ಹ್ಯಾಸ್ಕೆಲ್ ಅಂದ್ರೆ ನಾವು ಕೇಳೋ ಮೊದಲ ಪ್ರಶ್ನೆ: "ಇದಕ್ಕೆ ಪ್ಲೇಸ್‌ಮೆಂಟ್ ಇದೆಯಾ?" ಕಂಪನಿಯವರು ಕೇಳೋದು: "ಇದಕ್ಕೆ ಜನ ಸಿಗ್ತಾರಾ?" ಎರಡೂ ಕಡೆಯವರು ಹೀಗೆ ಕಾಯ್ತಾ ಕೂತರೆ ಭಾಷೆ ಪುಸ್ತಕದಲ್ಲೇ ಉಳಿಯುತ್ತೆ.

ಕಂಪನಿಗೆ ಲಾಭ ಏನು ಅಂತ ಮೊದಲು ನೋಡೋಣ. ಒಂದು ಪೇಮೆಂಟ್ ಪ್ರೋಗ್ರಾಮ್‌ನಲ್ಲಿ ಒಂದು ಕಡೆ ಮೊತ್ತ ರೂಪಾಯಿಯಲ್ಲಿದೆ, ಇನ್ನೊಂದು ಕಡೆ ಪೈಸೆಯಲ್ಲಿದೆ ಅಂದ್ಕೊಳ್ಳಿ. ಎರಡೂ ಬರೀ ಇಂಟಿಜರ್ ಆಗಿದ್ರೆ, 150 ರೂಪಾಯಿ ಬದಲು 150 ಪೈಸೆ ಕಟ್ ಆದರೂ ಪ್ರೋಗ್ರಾಮ್ ಸುಮ್ಮನೆ ಓಡುತ್ತೆ. ಹ್ಯಾಸ್ಕೆಲ್‌ನಲ್ಲಿ ರೂಪಾಯಿಗೊಂದು, ಪೈಸೆಗೊಂದು ಟೈಪ್ ಮಾಡೋಕೆ ಒಂದೊಂದು ಸಾಲು ಸಾಕು. ಆಮೇಲೆ ಎರಡನ್ನೂ ಬೆರೆಸಿದ್ರೆ ಕಂಪೈಲರೇ ತಡೆಯುತ್ತೆ. ತಪ್ಪು ಗ್ರಾಹಕರ ತನಕ ಹೋಗಲ್ಲ.

ಹಾಗಾದ್ರೆ ಹಿಂಜರಿಕೆ ಯಾಕೆ? ಕೋಡ್ ಬರೆದವರು ಕೆಲಸ ಬಿಟ್ರೆ ಯಾರು ನೋಡ್ಕೊಳ್ತಾರೆ? ಲೈಬ್ರರಿಗಳ ವರ್ಷನ್ ಒಂದಕ್ಕೊಂದು ಹೊಂದದಿದ್ರೆ? ಕಂಪೈಲರ್‌ನಲ್ಲೇ ಬಗ್ ಇದ್ರೆ? ಜಾವಾ ಹಿಂದೆ ಒರೇಕಲ್ ಇದೆ. 1990ರಲ್ಲಿ ಬಂದ ಹ್ಯಾಸ್ಕೆಲ್ ಅನ್ನು ರೂಪಿಸಿದ್ದು ಸಂಶೋಧಕರ ಒಂದು ಸಮಿತಿ.

ಈ ಕೊರತೆ ತುಂಬೋದೇ ಸಣ್ಣ ಸಲಹಾ ಕಂಪನಿಗಳ ಕೆಲಸ. 2008ರಲ್ಲಿ ಶುರುವಾದ ವೆಲ್-ಟೈಪ್ಡ್ ಕಂಪನಿಗಳಿಗೆ ತರಬೇತಿ ಕೊಡುತ್ತೆ, ಜೊತೆಗೆ ಮುಖ್ಯ ಕಂಪೈಲರ್ ಆದ ಜಿಎಚ್‌ಸಿಯ ನಿರ್ವಹಣೆಯಲ್ಲೂ ಕೈಜೋಡಿಸುತ್ತೆ. ಎಫ್‌ಪಿ ಕಂಪ್ಲೀಟ್ 2015ರಲ್ಲಿ ಸ್ಟ್ಯಾಕ್ ಅನ್ನೋ ಟೂಲ್ ಕೊಟ್ಟಿತು. ಒಟ್ಟಿಗೆ ಬಿಲ್ಡ್ ಆಗುತ್ತವೆ ಅಂತ ಮೊದಲೇ ಪರೀಕ್ಷಿಸಿದ ಲೈಬ್ರರಿಗಳ ಕಟ್ಟನ್ನು ಅದು ಬಳಸುತ್ತೆ. ಹಾಗಾಗಿ ವರ್ಷನ್ ಜಗಳ ಕಡಿಮೆ.

ಒಳಗೆ ತರೋ ದಾರಿಯೂ ಮುಖ್ಯ. ಓಡ್ತಿರೋ ಸಿಸ್ಟಮ್ ಪೂರ್ತಿ ಕಿತ್ತು ಹೊಸದಾಗಿ ಬರೆಯೋಕೆ ಹೋಗಬಾರದು. ತಪ್ಪಾದ್ರೆ ದುಡ್ಡು ಹೋಗೋ ಒಂದು ಚಿಕ್ಕ ಭಾಗ ಆರಿಸಿ, ಅದನ್ನು ಬೇರೆ ಸರ್ವಿಸ್ ಮಾಡಿ, ಕನಿಷ್ಠ ಇಬ್ಬರಿಗೆ ಕಲಿಸಬೇಕು. ಒಬ್ಬರಿಗೆ ಮಾತ್ರ ಗೊತ್ತಿದ್ರೆ ಅವರ ರಾಜೀನಾಮೆ ಜೊತೆ ಹ್ಯಾಸ್ಕೆಲ್ ಕೂಡ ಹೊರಗೆ!

ಇದೆಲ್ಲ ದೂರದ ಮಾತು ಅನ್ಸುತ್ತಾ? ಬೆಂಗಳೂರಲ್ಲಿ ಆಟೋ ಬುಕ್ ಮಾಡೋ ನಮ್ಮ ಯಾತ್ರಿ ಆ್ಯಪ್‌ನ ಬ್ಯಾಕೆಂಡ್ ಹ್ಯಾಸ್ಕೆಲ್‌ನಲ್ಲೇ ಇದೆ. ಅದನ್ನು ಕಟ್ಟಿದ ಜಸ್‌ಪೇ ಬೆಂಗಳೂರಿನದೇ ಪೇಮೆಂಟ್ ಕಂಪನಿ. ಕೋಡ್ ಗಿಟ್‌ಹಬ್‌ನಲ್ಲಿ ತೆರೆದಿದೆ. ಪೂರ್ತಿ ಅರ್ಥ ಆಗ್ಬೇಕಿಲ್ಲ, ಮೊದಲು ಟೈಪ್‌ಗಳನ್ನಷ್ಟೇ ಓದಿ. ಜನ ಸಿಗ್ತಾರಾ ಅನ್ನೋ ಪ್ರಶ್ನೆಗೆ ಉತ್ತರ ನಮ್ಮಿಂದಲೇ ಶುರುವಾಗ್ಬೇಕು.