ಪ್ರೀ-ಡೆಂಟಲ್ ಓದು: ಏಳು ತಪ್ಪು ಕಲ್ಪನೆ, ಏಳು ಸತ್ಯ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಯ ಮಕ್ಕಳು ‘ನಾನು ಪ್ರೀ-ಡೆಂಟಲ್ ಮಾಡ್ತಿದೀನಿ’ ಅಂದರೆ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರುವ ಅಜ್ಜ-ಅಜ್ಜಿ ಮೊದಲು ಕೇಳುವುದು, ‘ಯಾವ ಕಾಲೇಜಲ್ಲಿ ಸೀಟು ಸಿಕ್ತು ಪುಟ್ಟಿ?’ ಅಂತ. ಅವರು ಹಾಗೆ ಕೇಳುವುದು ಸಹಜ. ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ಕೌನ್ಸೆಲಿಂಗ್‌ನಲ್ಲಿ ಸೀಟು ಪಡೆದರೆ ಬಿಡಿಎಸ್ ಶುರುವಾಗುತ್ತದೆ. ಅಲ್ಲಿನ ದಾರಿ ಬೇರೆ. ಆ ದಾರಿಯ ಪರಿಚಯವಿಲ್ಲದೆ ಮನೆಯವರು ಇಟ್ಟುಕೊಳ್ಳುವ ನಿರೀಕ್ಷೆ, ಹದಿನೆಂಟು ವರ್ಷದ ಮಗುವಿನ ತಲೆಯ ಮೇಲೆ ಸುಮ್ಮನೆ ಭಾರವಾಗುತ್ತದೆ. ಎಷ್ಟೋ ಸಲ ಆ ಮಕ್ಕಳೂ ಇವೇ ತಪ್ಪು ತಿಳಿವಳಿಕೆಗಳನ್ನು ಹೊತ್ತುಕೊಂಡೇ ಕಾಲೇಜಿಗೆ ಕಾಲಿಡುತ್ತಾರೆ.

1. ತಪ್ಪು ಕಲ್ಪನೆ: ಪ್ರೀ-ಡೆಂಟಲ್ ಒಂದು ಕೋರ್ಸ್. ಸೇರಿಕೊಂಡರೆ ಡಾಕ್ಟರ್ ಆದ ಹಾಗೆಯೇ.

ಸತ್ಯ: ಬಹುಪಾಲು ಅಮೆರಿಕನ್ ವಿಶ್ವವಿದ್ಯಾಲಯಗಳಲ್ಲಿ ಪ್ರೀ-ಡೆಂಟಲ್ ಅನ್ನುವ ಡಿಗ್ರಿಯೇ ಇರುವುದಿಲ್ಲ. ಮುಂದೆ ಡೆಂಟಲ್ ಸ್ಕೂಲಿಗೆ ಅರ್ಜಿ ಹಾಕಬೇಕೆಂದು ಅದಕ್ಕೆ ಬೇಕಾದ ವಿಷಯಗಳನ್ನು ಓದುತ್ತಿರುವ ವಿದ್ಯಾರ್ಥಿಯನ್ನು ಹಾಗೆ ಕರೆಯುತ್ತಾರೆ. ಕರ್ನಾಟಕದಲ್ಲಿ ಬಿಡಿಎಸ್ ಸೇರಿದ ಹುಡುಗಿ ಮೊದಲ ವರ್ಷವೇ ಮೇಣದಲ್ಲಿ ಹಲ್ಲು ಕೆತ್ತಲು ಕೂರುತ್ತಾಳೆ. ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ದಂತವೈದ್ಯೆಯಾಗುತ್ತಾಳೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು 4 ವರ್ಷದ ಪದವಿ, ಆಮೇಲೆ 4 ವರ್ಷದ ಡೆಂಟಲ್ ಸ್ಕೂಲ್. ಎರಡನ್ನೂ ಜೋಡಿಸಿ 7 ವರ್ಷಕ್ಕೆ ಮುಗಿಸುವ ಕಾರ್ಯಕ್ರಮಗಳು ಕೆಲವು ಕಡೆ ಇವೆ, ಆದರೆ ಅವುಗಳ ಸೀಟು ಕಡಿಮೆ.

ಕೊನೆಗೆ ಸಿಗುವ ಪದವಿ ಡಿಡಿಎಸ್ ಆದರೂ ಡಿಎಂಡಿ ಆದರೂ ಬೆಲೆ ಒಂದೇ. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಮೊದಲ ದಂತ ಕಾಲೇಜು ಡಿಡಿಎಸ್ ಕೊಟ್ಟಿತು. 1867ರಲ್ಲಿ ದಂತ ವಿಭಾಗ ತೆರೆದ ಹಾರ್ವರ್ಡ್ ಡಿಎಂಡಿ ಅಂತ ಹೆಸರಿಟ್ಟಿತು. ಅಂದಿನಿಂದ ಎರಡು ಹೆಸರೂ ಉಳಿದುಕೊಂಡಿವೆ.

2. ತಪ್ಪು ಕಲ್ಪನೆ: ಬಯಾಲಜಿಯನ್ನೇ ಮುಖ್ಯ ವಿಷಯವಾಗಿ ಓದಬೇಕು.

ಸತ್ಯ: ಯಾವ ವಿಷಯದಲ್ಲಾದರೂ ಪದವಿ ಪಡೆಯಬಹುದು. ಜೀವವಿಜ್ಞಾನ, ಸಾಮಾನ್ಯ ರಸಾಯನ, ಸಾವಯವ ರಸಾಯನ, ಭೌತವಿಜ್ಞಾನಗಳನ್ನು ಲ್ಯಾಬ್ ಸಮೇತ ಮುಗಿಸಿರಬೇಕು, ಅಷ್ಟೆ. ಅನೇಕ ಸ್ಕೂಲುಗಳು ಬಯೋಕೆಮಿಸ್ಟ್ರಿ ಮತ್ತು ಇಂಗ್ಲಿಷನ್ನೂ ಕೇಳುತ್ತವೆ. ಸ್ಕೂಲಿನಿಂದ ಸ್ಕೂಲಿಗೆ ಪಟ್ಟಿ ಸ್ವಲ್ಪ ಬದಲಾಗುವುದರಿಂದ ಮೊದಲ ವರ್ಷವೇ ಕಾಲೇಜಿನ ಅಡ್ವೈಸರ್ ಜೊತೆ ಕೂತು ನೋಡಿಕೊಳ್ಳುವುದು ಒಳ್ಳೆಯದು. ಇವಿಷ್ಟರ ಜೊತೆಗೆ ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಿದವರಿಗೂ ಬಾಗಿಲು ತೆರೆದೇ ಇರುತ್ತದೆ.

3. ತಪ್ಪು ಕಲ್ಪನೆ: ಮೊದಲ ಸೆಮಿಸ್ಟರಿನಲ್ಲಿ ಒಂದು ‘ಸಿ’ ಬಂದರೆ ಕತೆ ಮುಗಿಯಿತು.

ಸತ್ಯ: ಮಕ್ಕಳನ್ನು ಅತಿಯಾಗಿ ಹೆದರಿಸುವುದು ಈ ಮಾತು. ಮೊದಲು ಕಹಿ ಸಂಗತಿ ಹೇಳಿಬಿಡೋಣ. ಆ ಗ್ರೇಡ್ ಅಳಿಸಿಹೋಗುವುದಿಲ್ಲ. ಹೆಚ್ಚಿನ ಡೆಂಟಲ್ ಸ್ಕೂಲುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವ್ಯವಸ್ಥೆಯಾದ ಎಎಡಿಎಸ್‌ಎಎಸ್‌ನಲ್ಲಿ, ಅದೇ ವಿಷಯವನ್ನು ಮತ್ತೆ ಓದಿ ‘ಎ’ ತೆಗೆದರೂ ಎರಡೂ ಗ್ರೇಡುಗಳು ಸರಾಸರಿಗೆ ಸೇರುತ್ತವೆ. ಆದರೆ ಅರ್ಜಿ ನೋಡುವವರ ಮುಂದೆ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಇರುತ್ತದೆ. ಶುರುವಿನಲ್ಲಿ ಎಡವಿದವರು ಆಮೇಲೆ ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಮೇಲೇರಿದ್ದರೆ ಅದೂ ಅಲ್ಲಿ ಎದ್ದು ಕಾಣುತ್ತದೆ.

ಎಡವುವುದಕ್ಕೆ ಕಾರಣವೂ ಇದೆ. ಹೈಸ್ಕೂಲಿನಲ್ಲಿ ಹಿಂದಿನ ರಾತ್ರಿ ಓದಿ ತೊಂಬತ್ತೈದು ತೆಗೆದವರಿಗೆ ಕಾಲೇಜಿನ ಕೆಮಿಸ್ಟ್ರಿಯಲ್ಲಿ ಆ ಉಪಾಯ ನಡೆಯುವುದಿಲ್ಲ. ಸಾವಯವ ರಸಾಯನವನ್ನೇ ನೋಡಿ. ನೂರಾರು ರಾಸಾಯನಿಕ ಕ್ರಿಯೆಗಳನ್ನು ಬಾಯಿಪಾಠ ಮಾಡಲು ಹೋದವರು ಪರೀಕ್ಷೆಯಲ್ಲಿ ಹೊಸ ಅಣು ಕಂಡ ಕೂಡಲೇ ಕಂಗಾಲಾಗುತ್ತಾರೆ. ಅಲ್ಲಿ ಬಾಗಿದ ಬಾಣದ ಗುರುತು ಹಾಕಿ ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ತೋರಿಸಬೇಕು. ಆ ಚಲನೆ ಅರ್ಥವಾದವರಿಗೆ ಹೊಸ ಅಣುವೂ ಹಳೆಯ ಲೆಕ್ಕದಂತೆಯೇ ಬಿಡಿಸಿಕೊಳ್ಳುತ್ತದೆ.

ಇದನ್ನು ಕಲಿಯಲು ಮೇಷ್ಟ್ರ ಕೋಣೆಗೆ ಹೋಗಬೇಕು. ಪ್ರೊಫೆಸರುಗಳು ವಾರದಲ್ಲಿ ಇಂತಿಷ್ಟು ಹೊತ್ತು ‘ಆಫೀಸ್ ಅವರ್ಸ್’ ಅಂತ ಇಟ್ಟಿರುತ್ತಾರೆ. ದಡ್ಡರು ಅಂದುಕೊಂಡಾರು ಎಂಬ ಸಂಕೋಚದಿಂದ ಮೊದಲ ವರ್ಷದ ಎಷ್ಟೋ ಮಕ್ಕಳು ಅತ್ತ ತಲೆ ಹಾಕುವುದಿಲ್ಲ. ಕೆಂಪು ಗೆರೆಗಳು ತುಂಬಿದ ಉತ್ತರಪತ್ರಿಕೆ ಹಿಡಿದು ‘ಸರ್, ಈ ಬಾಣ ಯಾಕೆ ತಪ್ಪು?’ ಎಂದು ಕೇಳುವ ದಿನವೇ ವಿದ್ಯಾರ್ಥಿ ನಿಜಕ್ಕೂ ಬೆಳೆಯಲು ಶುರುಮಾಡುವುದು. ಮುಂದೆ ಶಿಫಾರಸು ಪತ್ರ ಬರೆಯಲು ಆ ಪ್ರೊಫೆಸರಿಗೆ ಮಗುವಿನ ಮುಖವೂ ಶ್ರಮವೂ ನೆನಪಿನಲ್ಲಿರುತ್ತವೆ.

4. ತಪ್ಪು ಕಲ್ಪನೆ: ಶ್ಯಾಡೋಯಿಂಗ್ ಎಂದರೆ ಮೂಲೆಯಲ್ಲಿ ನಿಂತು ಗಂಟೆ ತುಂಬಿಸುವುದು.

ಸತ್ಯ: ದಂತವೈದ್ಯರ ಕ್ಲಿನಿಕ್ಕಿನಲ್ಲಿ ನಿಂತು ಅವರ ಕೆಲಸ ನೋಡುವುದೇ ಶ್ಯಾಡೋಯಿಂಗ್. ಅನೇಕ ಸ್ಕೂಲುಗಳು ಸುಮಾರು 100 ಗಂಟೆಯ ಅನುಭವ ಬಯಸುತ್ತವೆ. ವಿದ್ಯಾರ್ಥಿ ಚಿಕಿತ್ಸೆ ಕೊಡುವಂತಿಲ್ಲ. ಟಿಪ್ಪಣಿ ಬರೆದುಕೊಂಡರೂ ರೋಗಿಯ ಹೆಸರು ಬರೆಯುವಂತಿಲ್ಲ. ರೋಗಿಗಳ ಖಾಸಗಿತನವನ್ನು ಕಾಯುವ ಕಾನೂನು ಅಲ್ಲಿ 1996ರಿಂದಲೇ ಇದೆ.

ಸುಮ್ಮನೆ ನಿಂತವರಿಗೂ ನೋಡುವ ಕಣ್ಣಿದ್ದರೆ ಕಲಿಯಲು ಬೇಕಾದಷ್ಟಿದೆ. ಅರಿವಳಿಕೆ ಇಂಜೆಕ್ಷನ್ ಕೊಡುವ ಒಂದು ನಿಮಿಷವನ್ನೇ ಗಮನಿಸಿ. ಸಹಾಯಕಿ ಸಿರಿಂಜನ್ನು ರೋಗಿಯ ಕಣ್ಣಿಗೆ ಬೀಳದಂತೆ ಗಲ್ಲದ ಕೆಳಗಿನಿಂದ ಡಾಕ್ಟರ ಕೈಗೆ ದಾಟಿಸುತ್ತಾಳೆ. ಡಾಕ್ಟರು ಒಂದು ಕೈಯಲ್ಲಿ ಕೆನ್ನೆಯನ್ನು ಎಳೆದು ಮೆಲ್ಲಗೆ ಅಲುಗಾಡಿಸುತ್ತಾ, ಮತ್ತೊಂದು ಕೈಯಲ್ಲಿ ಔಷಧವನ್ನು ನಿಧಾನವಾಗಿ ಬಿಡುತ್ತಾರೆ. ಅವಸರದಲ್ಲಿ ತಳ್ಳಿದರೆ ಒತ್ತಡಕ್ಕೇ ನೋವಾಗುತ್ತದೆ. ಅಷ್ಟು ಹೊತ್ತೂ ಅವರು ರೋಗಿಯ ಜೊತೆ ಮಾತು ನಿಲ್ಲಿಸುವುದಿಲ್ಲ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದ ರೋಗಿಯ ಬೆರಳು ಸಡಿಲವಾಗುವುದನ್ನು ಕಂಡ ವಿದ್ಯಾರ್ಥಿಗೆ, ಈ ವೃತ್ತಿಯಲ್ಲಿ ಕೈಯಷ್ಟೇ ಮಾತೂ ಮುಖ್ಯ ಎಂದು ಯಾರೂ ಬೇರೆ ಹೇಳಬೇಕಿಲ್ಲ. ಇದನ್ನೆಲ್ಲ ನೋಡಿದ ಮೇಲೆ ‘ಇದು ನನಗಲ್ಲ’ ಎಂದು ತಿಳಿದರೂ ಒಳ್ಳೆಯದೇ. ದೊಡ್ಡ ಸಾಲ ಮಾಡಿ ಡೆಂಟಲ್ ಸ್ಕೂಲ್ ಸೇರಿದ ಮೇಲೆ ತಿಳಿಯುವುದಕ್ಕಿಂತ ಅದು ಎಷ್ಟೋ ವಾಸಿ.

5. ತಪ್ಪು ಕಲ್ಪನೆ: ಡಿಎಟಿಯಲ್ಲಿ ಒಳ್ಳೆಯ ಅಂಕ ಬಂದರೆ ಸೀಟು ಖಚಿತ.

ಸತ್ಯ: ನೀಟ್ ರ‍್ಯಾಂಕ್ ನೋಡಿ ಸೀಟು ಹಂಚುವ ಪದ್ಧತಿಗೆ ಒಗ್ಗಿಕೊಂಡ ನಮಗೆ ಹೀಗೆ ಅನ್ನಿಸುವುದು ಸಹಜ. ಡಿಎಟಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ನಡೆಸುವ ಪರೀಕ್ಷೆ. ವಿಜ್ಞಾನ, ಆಕಾರಗಳ ಗ್ರಹಿಕೆ, ಓದಿನ ಗ್ರಹಿಕೆ, ಗಣಿತ ಎಂದು ಇದರಲ್ಲಿ ನಾಲ್ಕು ಭಾಗ. ಹಿಂದೆ 1ರಿಂದ 30ರೊಳಗೆ ಬರುತ್ತಿದ್ದ ಅಂಕ 2025ರ ಮಾರ್ಚ್‌ನಿಂದ 200ರಿಂದ 600ರೊಳಗೆ ಬರುತ್ತದೆ. ಹಳೆಯ ವಿದ್ಯಾರ್ಥಿಗಳ ಅಂಕವನ್ನು ಈಗಿನವರ ಅಂಕಕ್ಕೆ ಹೋಲಿಸುವಾಗ ಇದು ನೆನಪಿರಲಿ.

ಆಕಾರಗಳ ಭಾಗದಲ್ಲಿ 60 ನಿಮಿಷಕ್ಕೆ 90 ಪ್ರಶ್ನೆ. ಮಡಿಸಿ ತೂತು ಹಾಕಿದ ಕಾಗದವನ್ನು ಬಿಚ್ಚಿದರೆ ತೂತು ಎಲ್ಲೆಲ್ಲಿರುತ್ತದೆ, ನಾಲ್ಕು ಕೋನಗಳಲ್ಲಿ ಚಿಕ್ಕದು ಯಾವುದು, ಹೀಗೆ. ಇದು ಹುಟ್ಟಿನಿಂದ ಬರುವ ಜಾಣತನ ಎಂದು ಕೈಚೆಲ್ಲಬೇಡಿ, ಅಭ್ಯಾಸ ಮಾಡಿದಷ್ಟೂ ಸುಧಾರಿಸುತ್ತದೆ. ಇಷ್ಟಾದರೂ ಡಿಎಟಿ ಅಂಕ ಅರ್ಜಿಯ ಒಂದು ಭಾಗ ಮಾತ್ರ. ಗ್ರೇಡು, ಶಿಫಾರಸು ಪತ್ರ, ತನ್ನ ಬಗ್ಗೆ ಬರೆದ ಪ್ರಬಂಧ, ಶ್ಯಾಡೋಯಿಂಗ್, ಸಮಾಜ ಸೇವೆ, ಸಂದರ್ಶನ ಎಲ್ಲವನ್ನೂ ಒಟ್ಟಿಗೆ ತೂಗುತ್ತಾರೆ.

6. ತಪ್ಪು ಕಲ್ಪನೆ: ಮೆಡಿಕಲ್ ಸಿಗದವರು ಡೆಂಟಲ್‌ಗೆ ಹೋಗುತ್ತಾರೆ.

ಸತ್ಯ: ನಮ್ಮಲ್ಲಿ ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಒಂದೇ ನೀಟ್ ಇರುವುದರಿಂದ ಈ ಮಾತು ಬೇರೂರಿದೆ. ಅಮೆರಿಕದಲ್ಲಿ ಎರಡಕ್ಕೂ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಅರ್ಜಿ. ‘ದಂತವೈದ್ಯಕೀಯವನ್ನೇ ಯಾಕೆ ಆರಿಸಿಕೊಂಡಿರಿ?’ ಎಂದು ಸಂದರ್ಶನದಲ್ಲಿ ಕೇಳಿದಾಗ ‘ಅದು ಸಿಗಲಿಲ್ಲ, ಅದಕ್ಕೆ’ ಅನ್ನುವ ಉತ್ತರ ಯಾರನ್ನೂ ಒಳಗೆ ಬಿಡುವುದಿಲ್ಲ.

ಹಲ್ಲಿನ ಕೆಲಸ ಸಣ್ಣದು ಅನ್ನುವವರು 2007ರಲ್ಲಿ ನಡೆದದ್ದನ್ನು ತಿಳಿಯಬೇಕು. ಮೊದಲ ದಂತ ಕಾಲೇಜು ಹುಟ್ಟಿದ ಮೇರಿಲ್ಯಾಂಡ್ ರಾಜ್ಯದಲ್ಲೇ 12 ವರ್ಷದ ಬಾಲಕನೊಬ್ಬ, ಹಲ್ಲಿನ ಸೋಂಕು ಮಿದುಳಿಗೆ ಹರಡಿ ಪ್ರಾಣ ಬಿಟ್ಟ. ಬಡ ಮನೆಯ ಆ ಹುಡುಗನಿಗೆ ಸಕಾಲಕ್ಕೆ ದಂತವೈದ್ಯರು ಸಿಕ್ಕಿರಲಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಹಾಳಾಗುತ್ತದೆ, ವಸಡಿನ ರೋಗವಿದ್ದರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ಬಾಯಿಯನ್ನು ದೇಹದಿಂದ ಬೇರೆ ಮಾಡಿ ನೋಡಲಾಗದು.

7. ತಪ್ಪು ಕಲ್ಪನೆ: ಒಮ್ಮೆ ಅರ್ಜಿ ತಿರಸ್ಕಾರವಾದರೆ ಆ ಬಾಗಿಲು ಮುಚ್ಚಿದಂತೆ.

ಸತ್ಯ: ಮರುವರ್ಷ ಮತ್ತೆ ಅರ್ಜಿ ಹಾಕಬಹುದು. ಪದವಿಯ ನಂತರ ಒಂದು ವರ್ಷ ಡೆಂಟಲ್ ಅಸಿಸ್ಟೆಂಟ್ ಆಗಿ ದುಡಿದು, ಅನುಭವ ಗಳಿಸಿ ಅರ್ಜಿ ಹಾಕುವವರೂ ಇದ್ದಾರೆ. ಈ ವೃತ್ತಿಯ ಇತಿಹಾಸದಲ್ಲೇ ದೊಡ್ಡ ನಿದರ್ಶನವಿದೆ. ಲೂಸಿ ಹಾಬ್ಸ್ ಟೇಲರ್ ಅವರನ್ನು ಹೆಣ್ಣು ಎಂಬ ಕಾರಣಕ್ಕೆ ಓಹಾಯೋದ ದಂತ ಕಾಲೇಜು ಸೇರಿಸಿಕೊಳ್ಳಲಿಲ್ಲ. ಅವರು ಖಾಸಗಿಯಾಗಿ ಕಲಿತರು, ತಾವೇ ಕ್ಲಿನಿಕ್ ತೆರೆದರು, ಅಯೋವಾದಲ್ಲಿ ಹೆಸರು ಮಾಡಿದರು. ಕೊನೆಗೆ ಅದೇ ಕಾಲೇಜು ಅವರನ್ನು ಸೇರಿಸಿಕೊಂಡಿತು. 1866ರಲ್ಲಿ ಡಿಡಿಎಸ್ ಪಡೆದ ಅವರೇ ದಂತವೈದ್ಯಕೀಯ ಪದವಿ ಪಡೆದ ಮೊದಲ ಮಹಿಳೆ.

ಆದ್ದರಿಂದ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಕಾಲೇಜಿನ ಮೊದಲ ಎರಡು ವರ್ಷದಲ್ಲಿ ಮಗುವಿನ ಗ್ರೇಡನ್ನಷ್ಟೇ ಕೇಳಬೇಡಿ. ಈ ವಾರ ಏನು ಅರ್ಥವಾಗಲಿಲ್ಲ, ಯಾರ ಸಹಾಯ ಕೇಳಿದೆ, ಕ್ಲಿನಿಕ್ಕಿನಲ್ಲಿ ಏನು ಕಂಡೆ ಎಂದು ಕೇಳಿ. ವಿದ್ಯಾರ್ಥಿಗಳೇ, ನೀವೂ ಈ ವರ್ಷಗಳನ್ನು ಡೆಂಟಲ್ ಸ್ಕೂಲಿಗೆ ಕಾಯುವ ಕಾಲ ಎಂದುಕೊಳ್ಳಬೇಡಿ. ಸೋತದ್ದನ್ನು ತಿದ್ದಿಕೊಳ್ಳುವ ಅಭ್ಯಾಸ, ಸಂಕೋಚ ಬಿಟ್ಟು ಕೇಳುವ ಧೈರ್ಯ, ನೋವಿನಲ್ಲಿರುವವರ ಎದುರು ತಾಳ್ಮೆ ಈಗ ಬಂದರೆ ಮುಂದೆ ನಿಮ್ಮ ರೋಗಿಗಳಿಗೆ ಸಿಗುವುದೂ ಅವೇ.